ಪ್ರೋಟಾನ್–ಆಲ್ಫಾ ಲೆಕ್ಕ: ವೇಗೋತ್ಕರ್ಷ ಸರಿ ಬರುತ್ತೆ, ವೇಗ ಮಾತ್ರ ಯಾಕೆ ಕೈಕೊಡುತ್ತೆ?

ಪ್ರಶ್ನೆ ಕೇಳಿದವರು: ಮಲೆಗಾಳಿ

ದ್ವಿತೀಯ ಪಿಯುಸಿ ಮಟ್ಟದ ಸ್ಥಾಯೀವಿದ್ಯುತ್ ಲೆಕ್ಕ. ಒಂದು ಪ್ರೋಟಾನ್, ಒಂದು ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್). ನಡುವಿನ ದೂರ 1 ಆಂಗ್‌ಸ್ಟ್ರಾಮ್, ಅಂದರೆ 10⁻¹⁰ ಮೀಟರ್. ಸುತ್ತ ನಿರ್ವಾತ. ಎರಡನ್ನೂ ನಿಶ್ಚಲ ಸ್ಥಿತಿಯಿಂದ ಒಟ್ಟಿಗೇ ಬಿಡುತ್ತೇವೆ.

(ಅ) ಬಿಟ್ಟ ಕ್ಷಣದಲ್ಲಿ ಒಂದೊಂದರ ವೇಗೋತ್ಕರ್ಷ ಎಷ್ಟು?
(ಆ) ನಡುವಿನ ದೂರ 2 ಆಂಗ್‌ಸ್ಟ್ರಾಮ್ ಆದಾಗ ಪ್ರೋಟಾನಿನ ವೇಗ ಎಷ್ಟು?
(ಇ) ಎರಡೂ ಬಹಳ ದೂರ ಹೋದ ಮೇಲೆ ಎಷ್ಟು?

ನಾನು ತೆಗೆದುಕೊಂಡ ಬೆಲೆಗಳು: ಕೂಲಂಬ್ ಸ್ಥಿರಾಂಕ 8.99 × 10⁹, ಪ್ರೋಟಾನಿನ ಚಾರ್ಜ್ 1.602 × 10⁻¹⁹ ಕೂಲಂಬ್, ಆಲ್ಫಾದ್ದು ಅದರ ಎರಡರಷ್ಟು. ದ್ರವ್ಯರಾಶಿ ಪ್ರೋಟಾನಿಗೆ 1.673 × 10⁻²⁷ ಕೆಜಿ, ಆಲ್ಫಾಕ್ಕೆ 6.645 × 10⁻²⁷ ಕೆಜಿ.

(ಅ)ಗೆ ಬಲ 4.61 × 10⁻⁸ ನ್ಯೂಟನ್ ಬಂತು. ಭಾಗಿಸಿದರೆ ಪ್ರೋಟಾನಿನ ವೇಗೋತ್ಕರ್ಷ 2.76 × 10¹⁹ ಮೀ/ಸೆ², ಆಲ್ಫಾದ್ದು 6.94 × 10¹⁸ ಮೀ/ಸೆ².

(ಆ)ಗೆ "ವೇಗದ ವರ್ಗ = 2 × ವೇಗೋತ್ಕರ್ಷ × ದೂರ" ಸೂತ್ರ ಹಾಕಿದೆ. ದೂರ 10⁻¹⁰ ಮೀ. ಉತ್ತರ 7.43 × 10⁴ ಮೀ/ಸೆ.

(ಇ)ಗೆ ಪ್ರಚ್ಛನ್ನ ಶಕ್ತಿ ಪೂರ್ತಿ ಚಲನ ಶಕ್ತಿಯಾಯಿತು ಅಂತ ಹಿಡಿದು, ಸಂವೇಗ ಸಂರಕ್ಷಣೆಯನ್ನೂ ಸೇರಿಸಿ ಮಾಡಿದರೆ 6.64 × 10⁴ ಮೀ/ಸೆ.

ತೊಡಕು ಇಲ್ಲೇ. 2 ಆಂಗ್‌ಸ್ಟ್ರಾಮ್‌ನಲ್ಲಿ ಇದ್ದ ವೇಗಕ್ಕಿಂತ ಅನಂತ ದೂರದ ವೇಗ ಕಡಿಮೆ! ಒಂದನ್ನೊಂದು ತಳ್ಳುತ್ತಲೇ ಇರುವ ಕಣಗಳು ನಿಧಾನ ಆಗುವುದು ಹೇಗೆ? ಇನ್ನೊಂದು ಸಣ್ಣ ಸಂಶಯ: ಆಲ್ಫಾದ ಚಾರ್ಜ್ ಎರಡು ಪಟ್ಟು ಇರುವಾಗ ಪ್ರೋಟಾನ್ ಮೇಲೆ ಬೀಳುವ ಬಲವೇ ಹೆಚ್ಚಾಗಬೇಕಲ್ಲವೇ? ಗುರುತ್ವ ಬಿಟ್ಟಿದ್ದೇನೆ, ಬಿಡಬಹುದು ತಾನೆ?

---

ಉತ್ತರ: ಹಳೇ_ಮೇಷ್ಟ್ರು

(ಅ) ಸರಿ ಇದೆ. (ಇ) ಕೂಡ ಸರಿ. (ಆ) ಮಾತ್ರ ತಪ್ಪು, ಅದೂ ಎರಡು ಕಡೆ.

ಮೊದಲು ಸಣ್ಣ ಸಂಶಯಗಳನ್ನು ಮುಗಿಸೋಣ. ಆಲ್ಫಾ ಇರುವ ಜಾಗದಿಂದ 1 ಆಂಗ್‌ಸ್ಟ್ರಾಮ್ ದೂರದಲ್ಲಿ ಅದು ಹುಟ್ಟಿಸುವ ವಿದ್ಯುತ್ ಕ್ಷೇತ್ರ 2.88 × 10¹¹ ವೋಲ್ಟ್/ಮೀಟರ್. ಪ್ರೋಟಾನ್ ಹುಟ್ಟಿಸುವುದು ಅದರ ಅರ್ಧ, 1.44 × 10¹¹. ಆದರೆ ದೊಡ್ಡ ಕ್ಷೇತ್ರದಲ್ಲಿ ಕೂತಿರುವುದು ಒಂದು ಪಾಲು ಚಾರ್ಜ್, ಚಿಕ್ಕ ಕ್ಷೇತ್ರದಲ್ಲಿ ಕೂತಿರುವುದು ಎರಡು ಪಾಲು. ಗುಣಿಸಿದರೆ ಎರಡೂ ಕಡೆ 4.61 × 10⁻⁸ ನ್ಯೂಟನ್ನೇ. ಬಲ ಸಮ, ದಿಕ್ಕು ವಿರುದ್ಧ. ವೇಗೋತ್ಕರ್ಷ ಬೇರೆಯಾಗುವುದು ದ್ರವ್ಯರಾಶಿಯಿಂದ ಮಾತ್ರ. ನಿಮ್ಮ ಎರಡು ಉತ್ತರಗಳ ಅನುಪಾತ 3.97, ದ್ರವ್ಯರಾಶಿಗಳ ಅನುಪಾತವೂ 3.97. ಇಂಥ ಲೆಕ್ಕದಲ್ಲಿ ಈ ತಾಳೆ ಯಾವಾಗಲೂ ನೋಡಿ. ಹೊಂದದಿದ್ದರೆ ಎಲ್ಲೋ ಘಾತ ತಪ್ಪಿದೆ ಅಂತಲೇ ಅರ್ಥ.

ಗುರುತ್ವ: ಇದೇ ದೂರದಲ್ಲಿ ಇವೆರಡರ ನಡುವಿನ ಗುರುತ್ವ ಬಲ 7.4 × 10⁻⁴⁴ ನ್ಯೂಟನ್. ಕೂಲಂಬ್ ಬಲ ಅದಕ್ಕಿಂತ 6 × 10³⁵ ಪಟ್ಟು ದೊಡ್ಡದು. ಧಾರಾಳವಾಗಿ ಬಿಡಿ. ಎರಡೂ ಬಲ ದೂರದ ವರ್ಗಕ್ಕೆ ವಿಲೋಮವಾಗಿಯೇ ಇಳಿಯುವುದರಿಂದ ಕಣಗಳು ಎಷ್ಟು ದೂರ ಹೋದರೂ ಈ ಅನುಪಾತ ಬದಲಾಗುವುದಿಲ್ಲ.

ಈಗ (ಆ). ನೀವು ಹಾಕಿದ ಸೂತ್ರ ವೇಗೋತ್ಕರ್ಷ ಸ್ಥಿರವಾಗಿದ್ದಾಗ ಮಾತ್ರ ನಡೆಯುತ್ತದೆ. ಇಲ್ಲಿ ಕಣಗಳು ಕದಲಿದ ಮರುಕ್ಷಣವೇ ಬಲ ಇಳಿಯಲು ಶುರು. ದೂರ 1.5 ಆಂಗ್‌ಸ್ಟ್ರಾಮ್ ಆಗುವಷ್ಟರಲ್ಲಿ ಪ್ರೋಟಾನಿನ ವೇಗೋತ್ಕರ್ಷ 1.23 × 10¹⁹ಕ್ಕೆ ಬಂದಿರುತ್ತದೆ, 2 ಆಂಗ್‌ಸ್ಟ್ರಾಮ್‌ನಲ್ಲಿ ಮೂಲದ ಕಾಲು ಭಾಗ, 6.9 × 10¹⁸. (ಅ)ದಲ್ಲಿ ಸಿಕ್ಕ ಸಂಖ್ಯೆಗೆ ಬಿಟ್ಟ ಆ ಒಂದು ಕ್ಷಣದಲ್ಲಿ ಬಿಟ್ಟರೆ ಬೇರೆಲ್ಲೂ ಬೆಲೆ ಇಲ್ಲ. ಅದನ್ನು ಇಡೀ ದಾರಿಗೆ ಹಚ್ಚಿದ್ದು ಮೊದಲ ತಪ್ಪು.

ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ. ನಡುವಿನ ದೂರ 10⁻¹⁰ ಮೀ ಹೆಚ್ಚಿತು ನಿಜ, ಆದರೆ ಪ್ರೋಟಾನ್ ಅಷ್ಟೂ ದೂರ ಓಡಿಲ್ಲ. ಆಲ್ಫಾ ಕೂಡ ಹಿಂದಕ್ಕೆ ಸರಿದಿದೆ. ಹೊರಗಿನ ಬಲ ಇಲ್ಲದ್ದರಿಂದ ದ್ರವ್ಯರಾಶಿ ಕೇಂದ್ರ ಅಲ್ಲಾಡುವುದಿಲ್ಲ. ಹೆಚ್ಚಿದ ದೂರದಲ್ಲಿ ಪ್ರೋಟಾನಿನ ಪಾಲು 6.645 ÷ (6.645 + 1.673), ಅಂದರೆ 0.799 ಆಂಗ್‌ಸ್ಟ್ರಾಮ್. ಉಳಿದ 0.201 ಆಲ್ಫಾದ್ದು.

ಈ ಎರಡನೇ ತಪ್ಪನ್ನು ಮಾತ್ರ ತಿದ್ದಿ, ಮೊದಲನೆಯದನ್ನು ಹಾಗೇ ಬಿಟ್ಟು ನೋಡಿ, ತಮಾಷೆಯಾಗಿದೆ. 2 × 2.76 × 10¹⁹ × 0.799 × 10⁻¹⁰ರ ವರ್ಗಮೂಲ 6.64 × 10⁴ ಮೀ/ಸೆ. ಅದು ನಿಮ್ಮ (ಇ) ಉತ್ತರವೇ, ಚೂರೂ ವ್ಯತ್ಯಾಸವಿಲ್ಲ. ಕಾಕತಾಳೀಯ ಅಲ್ಲ. ಆರಂಭದ ಬಲವನ್ನು ಆರಂಭದ ದೂರದಿಂದ ಗುಣಿಸಿದರೆ ಸಿಗುವುದು ಆರಂಭದ ಪ್ರಚ್ಛನ್ನ ಶಕ್ತಿಯೇ, ಏಕೆಂದರೆ ಬಲದಲ್ಲಿ ದೂರದ ವರ್ಗ ಛೇದದಲ್ಲಿದೆ, ಶಕ್ತಿಯಲ್ಲಿ ದೂರ ಮಾತ್ರ. ಹಾಗಾಗಿ ಆರಂಭದ ಬಲ ಇಳಿಯದೆ ಇದ್ದಿದ್ದರೆ, ಅನಂತದವರೆಗೆ ಹಂಚಿಹೋಗಬೇಕಾದ ಶಕ್ತಿಯೆಲ್ಲ ಮೊದಲ ಒಂದು ಆಂಗ್‌ಸ್ಟ್ರಾಮ್‌ನಲ್ಲೇ ಖರ್ಚಾಗಿಬಿಡುತ್ತಿತ್ತು. ಅದರ ಮೇಲೆ ನೀವು ದೂರವನ್ನೂ ಪೂರ್ತಿ ಪ್ರೋಟಾನಿನ ಖಾತೆಗೆ ಹಾಕಿದ್ದರಿಂದ ಅನಂತದ ವೇಗವನ್ನೂ ದಾಟಿ 7.43 × 10⁴ಕ್ಕೆ ಹೋಯಿತು.

ಸರಿಯಾದ ದಾರಿ (ಇ)ಗೆ ಹಿಡಿದದ್ದೇ. ಆರಂಭದ ಪ್ರಚ್ಛನ್ನ ಶಕ್ತಿ 4.61 × 10⁻¹⁸ ಜೂಲ್. ದೂರ ಇಮ್ಮಡಿಯಾದಾಗ ಉಳಿಯುವುದು ಅರ್ಧ, ಬಿಡುಗಡೆ ಆದದ್ದು 2.31 × 10⁻¹⁸ ಜೂಲ್. ಇದನ್ನು ಎರಡು ಕಣಗಳಿಗೆ ಹಂಚಬೇಕು. ಸಂವೇಗ ಸಮ ಇರುವಾಗ ಚಲನ ಶಕ್ತಿ ದ್ರವ್ಯರಾಶಿಗೆ ವಿಲೋಮವಾಗಿ ಹಂಚಿಕೆಯಾಗುತ್ತದೆ, ಹಗುರ ಕಣಕ್ಕೇ ಸಿಂಹಪಾಲು. ಪ್ರೋಟಾನಿಗೆ 0.799 ಪಾಲು: 1.84 × 10⁻¹⁸ ಜೂಲ್. ಅದರಿಂದ ವೇಗ 4.69 × 10⁴ ಮೀ/ಸೆ, ಆಲ್ಫಾದ್ದು 1.18 × 10⁴ ಮೀ/ಸೆ. ಅನಂತದಲ್ಲಿ ಇವು 6.64 × 10⁴ ಮತ್ತು 1.67 × 10⁴ ಆಗುತ್ತವೆ, ಎರಡೂ √2 ಪಟ್ಟು ಹೆಚ್ಚು. ಈಗ ನಿಮ್ಮ ಒಗಟು ಉಳಿಯಲಿಲ್ಲ.

ಬೆಳಕಿನ ವೇಗದ ಮುಂದೆ ಇದು 0.02 ಶೇಕಡಾ. ಸಾಪೇಕ್ಷತೆಯ ತಿದ್ದುಪಡಿ ಬೇಡ.

---

ಉತ್ತರ: ತಂತಿಜಾಡು

ಮೇಷ್ಟ್ರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ, ಎರಡೂ ಲೆಕ್ಕ ಒತ್ತುವ ಬಗ್ಗೆ.

ಸಿಇಟಿ, ನೀಟ್ ಎರಡರಲ್ಲೂ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಅಲ್ಲಿ 8.99 × 10⁹ × (1.602 × 10⁻¹⁹)² ಅಂತ ಪ್ರತಿ ಸಲ ಗುಣಿಸುತ್ತ ಕೂರಬೇಡಿ. ಕೂಲಂಬ್ ಸ್ಥಿರಾಂಕ ಮತ್ತು ಮೂಲ ಚಾರ್ಜಿನ ವರ್ಗ, ಈ ಜೋಡಿ ಯಾವಾಗಲೂ ಒಟ್ಟಿಗೇ ಬರುತ್ತದೆ. ಅದರ ಬೆಲೆ 2.307 × 10⁻²⁸ ಜೂಲ್·ಮೀಟರ್. ಅದನ್ನೇ ಎಲೆಕ್ಟ್ರಾನ್ ವೋಲ್ಟ್ (ಮೂಲ ಚಾರ್ಜ್ ಒಂದು ವೋಲ್ಟ್ ದಾಟಿದಾಗ ಸಿಗುವ ಶಕ್ತಿ) ಲೆಕ್ಕ‌ನಲ್ಲಿ ಬರೆದರೆ 14.4 ಎಲೆಕ್ಟ್ರಾನ್ ವೋಲ್ಟ್·ಆಂಗ್‌ಸ್ಟ್ರಾಮ್. ನ್ಯೂಕ್ಲಿಯಸ್ ಅಳತೆಗೆ ಹೋದರೆ 1.44 ಮೆಗಾ ಎಲೆಕ್ಟ್ರಾನ್ ವೋಲ್ಟ್·ಫೆಮ್ಟೋಮೀಟರ್ (ಫೆಮ್ಟೋ ಅಂದರೆ 10⁻¹⁵). ಅಂಕಿ ಅದೇ, ದಶಮಾಂಶ ಬಿಂದು ಮಾತ್ರ ಸರಿಯುತ್ತದೆ.

ಈ ಲೆಕ್ಕವನ್ನೇ ನೋಡಿ: 1 × 2 × 14.4 ÷ 1 = 28.8 ಎಲೆಕ್ಟ್ರಾನ್ ವೋಲ್ಟ್ ಒಟ್ಟು ಶಕ್ತಿ. ಪ್ರೋಟಾನಿಗೆ ಅದರ 0.8 ಪಾಲು, 23. ಪ್ರೋಟಾನಿನ ನಿಶ್ಚಲ ಶಕ್ತಿ 938 ಮೆಗಾ ಎಲೆಕ್ಟ್ರಾನ್ ವೋಲ್ಟ್. 2 × 23 ÷ (938 × 10⁶) = 4.9 × 10⁻⁸, ವರ್ಗಮೂಲ 2.2 × 10⁻⁴, ಅದನ್ನು 3 × 10⁸ರಿಂದ ಗುಣಿಸಿದರೆ 6.6 × 10⁴ ಮೀ/ಸೆ. ಆಯ್ಕೆ ಗುರುತು ಹಾಕಲು ಇಷ್ಟು ಸಾಕು.

ಕ್ಯಾಲ್ಕುಲೇಟರ್ ಇದ್ದಾಗ ಆಗುವ ಅನಾಹುತ ಬೇರೆ ಥರ. 4.614 × 10⁻⁸ ÷ 1.673 × 10⁻²⁷ ಅಂತ ಹಾಗೇ ಒತ್ತಿದರೆ ಯಂತ್ರ ಎಡದಿಂದ ಬಲಕ್ಕೆ ಹೋಗಿ 1.673ರಿಂದ ಭಾಗಿಸಿ, ಆಮೇಲೆ 10⁻²⁷ರಿಂದ ಗುಣಿಸುತ್ತದೆ. ಬರುವುದು 2.76 × 10⁻³⁵. ಬರಬೇಕಾದದ್ದು 2.76 × 10¹⁹. ಮೊದಲ ಮೂರು ಅಂಕಿ ಸರಿಯಾಗಿಯೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಹಾಗೇ ಉತ್ತರ ಪತ್ರಿಕೆಗೆ ಇಳಿದುಬಿಡುತ್ತದೆ. ಛೇದವನ್ನು ಕಂಸದಲ್ಲಿ ಹಾಕಿ, ಇಲ್ಲವೇ ಘಾತಕ್ಕೆಂದೇ ಇರುವ ಕೀ ಬಳಸಿ. ದೂರದ ವರ್ಗ ಮಾಡುವಾಗ 10⁻¹⁰ಅನ್ನು 10⁻²⁰ ಮಾಡಲು ಮರೆಯುವುದು ಇನ್ನೊಂದು ಮಾಮೂಲಿ ಎಡವಟ್ಟು.

ಪ್ರೋಗ್ರಾಂ ಬರೆಯುವವರಿಗೆ: 32 ಬಿಟ್ ದಶಮಾಂಶ ಸಂಖ್ಯೆಗಳಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಪೂರ್ಣ ನಿಖರತೆ ಸುಮಾರು 1.2 × 10⁻³⁸ರವರೆಗೆ ಮಾತ್ರ. ಚಾರ್ಜಿನ ವರ್ಗ 2.6 × 10⁻³⁸, ಅಂಚಿನಲ್ಲಿ ಉಳಿದುಕೊಳ್ಳುತ್ತದೆ. ದ್ರವ್ಯರಾಶಿಯನ್ನು ದೂರದ ವರ್ಗದಿಂದ ಗುಣಿಸಿದರೆ 1.7 × 10⁻⁴⁷, ಅದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಭಾಗಿಸಿದರೆ ವೇಗೋತ್ಕರ್ಷ "ಅನಂತ" ಅಂತ ಬರುತ್ತದೆ. 64 ಬಿಟ್ ಬಳಸಿ. ಅದಕ್ಕಿಂತ ಒಳ್ಳೆಯದು ಏಕಮಾನವನ್ನೇ ಬದಲಾಯಿಸುವುದು: ದೂರ ಆಂಗ್‌ಸ್ಟ್ರಾಮ್‌ನಲ್ಲಿ, ಕಾಲ ಫೆಮ್ಟೋಸೆಕೆಂಡ್‌ನಲ್ಲಿ, ದ್ರವ್ಯರಾಶಿ ಪರಮಾಣು ದ್ರವ್ಯರಾಶಿ ಏಕಮಾನದಲ್ಲಿ. ಆಗ ಬಲವನ್ನು ಎಲೆಕ್ಟ್ರಾನ್ ವೋಲ್ಟ್/ಆಂಗ್‌ಸ್ಟ್ರಾಮ್‌ನಲ್ಲಿ ಹಾಕಿ, ದ್ರವ್ಯರಾಶಿಯಿಂದ ಭಾಗಿಸಿ, 0.009648ರಿಂದ ಗುಣಿಸಿದರೆ ವೇಗೋತ್ಕರ್ಷ ನೇರ ಆಂಗ್‌ಸ್ಟ್ರಾಮ್/ಫೆಮ್ಟೋಸೆಕೆಂಡ್² ಆಗಿ ಬರುತ್ತದೆ. ನಿಮ್ಮ ಪ್ರೋಟಾನಿಗೆ 28.8 ÷ 1.0073 × 0.009648 = 0.276. ಸಂಖ್ಯೆಗಳು ಕೈಗೆ ಸಿಗುವ ಗಾತ್ರದಲ್ಲಿರುತ್ತವೆ, ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ.

---

ಮಲೆಗಾಳಿ:

ಇಬ್ಬರಿಗೂ ಧನ್ಯವಾದ. ಆರಂಭದ ಬಲ × ಆರಂಭದ ದೂರ = ಪೂರ್ತಿ ಶಕ್ತಿ ಅನ್ನುವುದು ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಒಂದು, 1ರಿಂದ 2 ಆಂಗ್‌ಸ್ಟ್ರಾಮ್‌ಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ? ಶಕ್ತಿಯ ಸಮೀಕರಣದಲ್ಲಿ ಕಾಲವೇ ಇಲ್ಲವಲ್ಲ. ಎರಡು, ಇದೇ ಲೆಕ್ಕಕ್ಕೆ ಒಂದು ಎಲೆಕ್ಟ್ರಾನ್ ಸೇರಿಸಿದರೆ? ಪ್ರೋಟಾನ್ ಮೂಲಬಿಂದುವಿನಲ್ಲಿ, ಆಲ್ಫಾ ಎಕ್ಸ್ ಅಕ್ಷದ ಮೇಲೆ 1 ಆಂಗ್‌ಸ್ಟ್ರಾಮ್‌ನಲ್ಲಿ, ಎಲೆಕ್ಟ್ರಾನ್ ವೈ ಅಕ್ಷದ ಮೇಲೆ 1 ಆಂಗ್‌ಸ್ಟ್ರಾಮ್‌ನಲ್ಲಿ. ಪ್ರೋಟಾನಿನ ವೇಗೋತ್ಕರ್ಷದ ದಿಕ್ಕು ನನಗೆ −26.6 ಡಿಗ್ರಿ ಬರುತ್ತಿದೆ, ಚಿತ್ರ ಬರೆದು ನೋಡಿದರೆ ಹೊಂದುತ್ತಿಲ್ಲ.

---

ಉತ್ತರ: ಸುಳಿಗಾಳಿ

ಕಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಎರಡು ಕಣಗಳನ್ನು ಬೇರೆಬೇರೆಯಾಗಿ ಹಿಂಬಾಲಿಸುವ ಬದಲು ನಡುವಿನ ದೂರವನ್ನೇ ಒಂದು ಕಣದ ಸ್ಥಾನ ಅಂದುಕೊಳ್ಳಿ. ಆ ಕಲ್ಪಿತ ಕಣದ ದ್ರವ್ಯರಾಶಿ ಎರಡರ ಗುಣಲಬ್ಧ ÷ ಎರಡರ ಮೊತ್ತ, ರೆಡ್ಯೂಸ್ಡ್ ಮಾಸ್ ಅಂತೀವಲ್ಲ ಅದು. ಇಲ್ಲಿ 1.336 × 10⁻²⁷ ಕೆಜಿ. ದೂರ ಹೆಚ್ಚುವ ಅಂತಿಮ ವೇಗ 8.31 × 10⁴ ಮೀ/ಸೆ, ಅಂದರೆ ಎರಡು ಕಣಗಳ ವೇಗದ ಮೊತ್ತ: 6.64 + 1.67. ಆರಂಭದ ದೂರವನ್ನು ಈ ವೇಗದಿಂದ ಭಾಗಿಸಿದರೆ 1.203 × 10⁻¹⁵ ಸೆಕೆಂಡ್. ಈ ಲೆಕ್ಕದ ಸಹಜ ಗಡಿಯಾರ ಇದೇ, 1.2 ಫೆಮ್ಟೋಸೆಕೆಂಡ್.

ದೂರ ಎಷ್ಟು ಪಟ್ಟಾಯಿತು ಅನ್ನುವುದನ್ನು "ಪಟ್ಟು" ಅಂತ ಕರೆದರೆ, ಯಾವುದೇ ಕ್ಷಣದ ವೇಗ = ಅಂತಿಮ ವೇಗ × √(1 − 1/ಪಟ್ಟು). ಇದನ್ನು ಅನುಕಲಿಸಿದರೆ:

ಕಾಲ = 1.203 ಫೆಮ್ಟೋಸೆಕೆಂಡ್ × [ √(ಪಟ್ಟು × (ಪಟ್ಟು − 1)) + ಸ್ವಾಭಾವಿಕ ಲಾಗ್ (√ಪಟ್ಟು + √(ಪಟ್ಟು − 1)) ]

ಪಟ್ಟು 2 ಆದಾಗ ಕಂಸದೊಳಗೆ 1.414 + 0.881 = 2.296. ಕಾಲ 2.76 ಫೆಮ್ಟೋಸೆಕೆಂಡ್.

ವೇಗೋತ್ಕರ್ಷ ಸ್ಥಿರ ಅಂತ ಹಿಡಿದಿದ್ದರೆ 2.41 ಬರುತ್ತಿತ್ತು. ವೇಗದಲ್ಲಿ ಶೇಕಡಾ 41 ತಪ್ಪು, ಕಾಲದಲ್ಲಿ ಶೇಕಡಾ 13 ಮಾತ್ರ. ಕಾರಣ ಸುಲಭ: ಕಣಗಳು ಹೆಚ್ಚು ಹೊತ್ತು ಕಳೆಯುವುದು ಶುರುವಿನಲ್ಲಿ, ನಿಧಾನವಾಗಿ ತೆವಳುವಾಗ, ಅಲ್ಲಿ ಬಲ ಇನ್ನೂ ಅಷ್ಟು ಇಳಿದಿರುವುದಿಲ್ಲ.

ಮೂರನೇ ಕಣ ಬಂದರೆ ಇಂಥ ಸೂತ್ರ ಸಿಗುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ಕಂಪ್ಯೂಟರಿನಲ್ಲಿ ನಡೆಸಬೇಕು. ಅಲ್ಲಿಗೆ ಹೋಗುವ ಮುಂಚೆ ನಿಮ್ಮ ಪ್ರೋಗ್ರಾಮನ್ನು ಈ ಎರಡು ಕಣದ ಲೆಕ್ಕದ ಮೇಲೆಯೇ ಪರೀಕ್ಷಿಸಿ. ದೂರ 2 ಆದಾಗ ದೂರ ಹೆಚ್ಚುವ ವೇಗ 0.588 ಆಂಗ್‌ಸ್ಟ್ರಾಮ್/ಫೆಮ್ಟೋಸೆಕೆಂಡ್, ಕಾಲ 2.76 ಬರಲೇಬೇಕು. ಸಾದಾ ಆಯ್ಲರ್ ವಿಧಾನದಲ್ಲಿ (ಹಳೇ ವೇಗದಿಂದ ಹೊಸ ಸ್ಥಾನ, ಹಳೇ ಬಲದಿಂದ ಹೊಸ ವೇಗ) 0.5 ಫೆಮ್ಟೋಸೆಕೆಂಡ್ ಹೆಜ್ಜೆ ಹಾಕಿದರೆ ಆ ವೇಗ ಸುಮಾರು 0.71 ಬರುತ್ತದೆ, ಶೇಕಡಾ 20 ಜಾಸ್ತಿ. ಎಲ್ಲಿ ಕೆಡುತ್ತದೆ ಅಂದರೆ, ಮೊದಲ ಹೆಜ್ಜೆಯಲ್ಲಿ ವೇಗ ಸೊನ್ನೆ ಇರುವುದರಿಂದ ಕಣ ಜಾಗ ಬಿಟ್ಟು ಕದಲುವುದಿಲ್ಲ, ಆದರೆ ವೇಗ ಏರಿಬಿಡುತ್ತದೆ. ಎರಡನೇ ಹೆಜ್ಜೆಯಲ್ಲಿ ಮತ್ತೆ ಅದೇ ಗರಿಷ್ಠ ಬಲ. ಪ್ರತಿ ಹೆಜ್ಜೆಯಲ್ಲೂ ಬಲ ಒಂದು ಹೆಜ್ಜೆ ಹಳೆಯದು, ವಿಕರ್ಷಣೆಯಲ್ಲಿ ಹಳೆಯದು ಅಂದರೆ ದೊಡ್ಡದು. ಹಾಗೆ ಎಲ್ಲಿಂದಲೋ ಶಕ್ತಿ ಹುಟ್ಟಿಕೊಳ್ಳುತ್ತದೆ.

ಮದ್ದು: ಹೆಜ್ಜೆಯನ್ನು ಸಹಜ ಗಡಿಯಾರದ ನೂರನೇ ಒಂದು ಪಾಲಿಗೆ, ಅಂದರೆ 0.01 ಫೆಮ್ಟೋಸೆಕೆಂಡ್‌ಗೆ ಇಳಿಸಿ, ಆಯ್ಲರ್ ಬಿಟ್ಟು ವೆಲಾಸಿಟಿ ವರ್ಲೆ ಹಿಡಿಯಿರಿ. ಅದರಲ್ಲಿ ಹಳೆಯ ವೇಗ, ಹಳೆಯ ವೇಗೋತ್ಕರ್ಷ ಎರಡರಿಂದ ಹೊಸ ಸ್ಥಾನ ಕಂಡುಕೊಂಡು, ಅಲ್ಲಿ ಬಲವನ್ನು ಮತ್ತೆ ಲೆಕ್ಕ ಹಾಕಿ, ಹಳೆಯ ಹೊಸ ವೇಗೋತ್ಕರ್ಷಗಳ ಸರಾಸರಿಯಿಂದ ವೇಗ ಏರಿಸುತ್ತೇವೆ. ಪ್ರತಿ ಹೆಜ್ಜೆಗೆ ಬಲವನ್ನು ಒಂದೇ ಸಲ ಲೆಕ್ಕ ಹಾಕಿದರೆ ಸಾಕು, ಯಾಕೆಂದರೆ ಈ ಹೆಜ್ಜೆಯ ಹೊಸದೇ ಮುಂದಿನ ಹೆಜ್ಜೆಯ ಹಳೆಯದು. ಒಟ್ಟು ಶಕ್ತಿಯನ್ನು ಪ್ರತಿ ಹೆಜ್ಜೆಗೂ ಬರೆಸಿಕೊಳ್ಳಿ, 28.8ರಿಂದ ಸರಿಯತೊಡಗಿದರೆ ಹೆಜ್ಜೆ ದೊಡ್ಡದಾಯಿತು ಅಂತ.

ಎಲೆಕ್ಟ್ರಾನ್ ಸೇರಿಸುತ್ತೀರಿ ಅಂದರೆ ಈ 0.01 ಕೂಡ ಒರಟು. ಎಲೆಕ್ಟ್ರಾನನ್ನು 1 ಆಂಗ್‌ಸ್ಟ್ರಾಮ್ ದೂರದಿಂದ ಒಂಟಿ ಪ್ರೋಟಾನಿನ ಕಡೆಗೆ ಬಿಟ್ಟರೆ, ಹಳೆಯ ಯಂತ್ರಶಾಸ್ತ್ರದ ಲೆಕ್ಕದಲ್ಲಿ 0.07 ಫೆಮ್ಟೋಸೆಕೆಂಡ್‌ನಲ್ಲೇ ಹೋಗಿ ಬಡಿಯುತ್ತದೆ. ದೂರ ಸೊನ್ನೆಯ ಹತ್ತಿರ ಬಂದಾಗ ಬಲ ಎಲ್ಲೆ ಮೀರಿ ಏರಿ, ಒಂದು ಹೆಜ್ಜೆ ಹೆಚ್ಚಾದರೂ ಪ್ರೋಗ್ರಾಂ ಎಲೆಕ್ಟ್ರಾನನ್ನು ಅಸಂಬದ್ಧ ವೇಗದಲ್ಲಿ ಆಚೆ ಎಸೆಯುತ್ತದೆ. ಆ ವೇಗಕ್ಕೆ ಭೌತಿಕ ಅರ್ಥವಿಲ್ಲ. ನಿಜಕ್ಕೂ ಹೇಳಬೇಕೆಂದರೆ ಆ ದೂರದಲ್ಲಿ ಎಲೆಕ್ಟ್ರಾನಿಗೆ ಪಥ ಅನ್ನುವುದೇ ಇಲ್ಲ, ಕ್ವಾಂಟಂ ಲೆಕ್ಕವೇ ಬೇಕು. ಪ್ರೋಟಾನ್–ಆಲ್ಫಾ ಜೋಡಿಗೆ ಅಷ್ಟು ತೊಂದರೆ ಇಲ್ಲ: ಅಂತಿಮ ವೇಗದಲ್ಲಿ ಪ್ರೋಟಾನಿನ ಡಿ ಬ್ರಾಯ್ ತರಂಗಾಂತರ (ಕಣದ ಅಲೆ ಗುಣದ ಅಳತೆ) 0.06 ಆಂಗ್‌ಸ್ಟ್ರಾಮ್, ನಾವು ನೋಡುತ್ತಿರುವ ದೂರಕ್ಕಿಂತ ಸಾಕಷ್ಟು ಚಿಕ್ಕದು.

---

ಉತ್ತರ: ಹಳೇ_ಮೇಷ್ಟ್ರು

ಮೂರು ಕಣದ ಲೆಕ್ಕ. ಆರಂಭದ ಕ್ಷಣದ ಬಲಗಳನ್ನು ಮಾತ್ರ ಕೇಳಿದ್ದೀರಿ, ಅದಕ್ಕೆ ಪಿಯುಸಿ ಸಾಕು.

ಒಂದು ಶಿಸ್ತು ಇಟ್ಟುಕೊಳ್ಳಿ: ಕೂಲಂಬ್ ಸೂತ್ರದೊಳಗೆ ಚಾರ್ಜಿನ ಚಿಹ್ನೆ ಹಾಕಬೇಡಿ. ಪರಿಮಾಣ ಮಾತ್ರ ತೆಗೆಯಿರಿ. ದಿಕ್ಕನ್ನು ಚಿತ್ರ ನೋಡಿ ನಿರ್ಧರಿಸಿ, ಸಜಾತಿ ಆದರೆ ದೂರಕ್ಕೆ, ವಿಜಾತಿ ಆದರೆ ಹತ್ತಿರಕ್ಕೆ. ಎರಡೂ ಕಡೆ ಚಿಹ್ನೆ ಹಾಕಿದವರಿಗೆ ಋಣ ಋಣ ಸೇರಿ ಧನವಾಗಿ ಬಾಣ ತಿರುಗಿಬಿಡುತ್ತದೆ. ಶಕ್ತಿಯ ಲೆಕ್ಕದಲ್ಲಿ ಮಾತ್ರ ಇದು ತದ್ವಿರುದ್ಧ: ಅದು ಅದಿಶ, ಅಲ್ಲಿ ಚಿಹ್ನೆ ಹಾಕಲೇಬೇಕು.

ಪ್ರೋಟಾನ್ ಮೇಲೆ: ಆಲ್ಫಾ ಎಡಕ್ಕೆ ತಳ್ಳುತ್ತದೆ, 4.614. ಎಲೆಕ್ಟ್ರಾನ್ ಮೇಲಕ್ಕೆ ಎಳೆಯುತ್ತದೆ, 2.307. (ಎಲ್ಲವೂ 10⁻⁸ ನ್ಯೂಟನ್ ಲೆಕ್ಕದಲ್ಲಿ, ಪ್ರತಿ ಸಲ ಬರೆಯುವುದಿಲ್ಲ.) ಎಕ್ಸ್ ಘಟಕ −4.614, ವೈ ಘಟಕ +2.307. ಪರಿಮಾಣ 5.159, ವೇಗೋತ್ಕರ್ಷ 3.08 × 10¹⁹ ಮೀ/ಸೆ².

ನಿಮ್ಮ −26.6 ಡಿಗ್ರಿ ಬಂದದ್ದು ಕ್ಯಾಲ್ಕುಲೇಟರಿನ ವಿಲೋಮ ಟ್ಯಾಂಜೆಂಟ್‌ನಿಂದ. ಅದಕ್ಕೆ ಕಾಣುವುದು ಭಾಗಲಬ್ಧ −0.5 ಮಾತ್ರ; ಋಣ ಚಿಹ್ನೆ ಎಕ್ಸ್‌ನಿಂದ ಬಂತೋ ವೈನಿಂದ ಬಂತೋ ಅದಕ್ಕೆ ಗೊತ್ತಿಲ್ಲ. ಅದು ಕೊಡುವ ಉತ್ತರ ಯಾವಾಗಲೂ −90ರಿಂದ +90ರ ಒಳಗೆ. ಎಕ್ಸ್ ಘಟಕ ಋಣ ಆಗಿದ್ದರೆ 180 ಕೂಡಿಸಿ: 153.4 ಡಿಗ್ರಿ, ಎಡ ಮೇಲಿನ ಕಾಲುಭಾಗ. ಚಿತ್ರಕ್ಕೆ ಹೊಂದುತ್ತದೆ.

ಎಲೆಕ್ಟ್ರಾನ್ ಮೇಲೆ: ಪ್ರೋಟಾನ್ ನೇರ ಕೆಳಕ್ಕೆ 2.307 ಎಳೆಯುತ್ತದೆ. ಆಲ್ಫಾಕ್ಕೆ ಇರುವ ದೂರ √2 ಆಂಗ್‌ಸ್ಟ್ರಾಮ್, ವರ್ಗ 2, ಚಾರ್ಜೂ 2 ಪಟ್ಟು, ಹೊಡೆದುಹೋಗಿ ಅಲ್ಲೂ 2.307, ಆದರೆ ಓರೆಯಾಗಿ 45 ಡಿಗ್ರಿ ಕೆಳ ಬಲಕ್ಕೆ. ಘಟಕಗಳು +1.631 ಮತ್ತು −1.631. ಒಟ್ಟು (+1.631, −3.938), ಪರಿಮಾಣ 4.262. ಬಲ ಪ್ರೋಟಾನಿನ ಮೇಲಿನದಕ್ಕಿಂತ ಕಡಿಮೆಯೇ, ಆದರೆ ದ್ರವ್ಯರಾಶಿ 9.109 × 10⁻³¹ ಕೆಜಿ ಆದ್ದರಿಂದ ವೇಗೋತ್ಕರ್ಷ 4.68 × 10²² ಮೀ/ಸೆ², ಸಾವಿರದ ಐನೂರು ಪಟ್ಟು.

ಆಲ್ಫಾ ಮೇಲೆ: ಪ್ರೋಟಾನಿನಿಂದ (+4.614, 0), ಎಲೆಕ್ಟ್ರಾನಿನಿಂದ (−1.631, +1.631). ಒಟ್ಟು (+2.983, +1.631). ಪರಿಮಾಣ 3.400, ವೇಗೋತ್ಕರ್ಷ 5.12 × 10¹⁸.

ಮೂರನ್ನೂ ಕೂಡಿಸಿ. ಎಕ್ಸ್: −4.614 + 1.631 + 2.983 = 0. ವೈ: 2.307 − 3.938 + 1.631 = 0. ಹೊರಬಲ ಇಲ್ಲದಾಗ ಸೊನ್ನೆ ಬರಲೇಬೇಕು. ಪ್ರಶ್ನೆಯಲ್ಲಿ ಒಂದೇ ಕಣ ಕೇಳಿದ್ದರೂ, ಹೊತ್ತಿದ್ದರೆ ಮೂರನ್ನೂ ಮಾಡಿ ಹೀಗೆ ತಾಳೆ ನೋಡುವುದು ಒಳ್ಳೆಯದು. ವೇಗೋತ್ಕರ್ಷಗಳನ್ನು ಕೂಡಿಸಿ ಸೊನ್ನೆ ಬರಲಿಲ್ಲ ಅಂತ ಗಾಬರಿಯಾಗಬೇಡಿ, ಸೊನ್ನೆ ಆಗುವುದು ಬಲಗಳ ಮೊತ್ತ.

---

ಉತ್ತರ: ತಂತಿಜಾಡು

ಇಂಥ ಲೆಕ್ಕ ಬರೀ ಕಾಗದದ ಮೇಲಿನದು ಅಂತ ಯಾರಿಗಾದರೂ ಅನ್ನಿಸಿದರೆ: ಹೈಡ್ರೋಜನ್ ಅಣುವಿನ ಎರಡೂ ಎಲೆಕ್ಟ್ರಾನನ್ನು ತೀವ್ರ ಲೇಸರ್ ಮಿಡಿತದಿಂದ ಥಟ್ಟನೆ ಕಿತ್ತರೆ ಉಳಿಯುವುದು 0.74 ಆಂಗ್‌ಸ್ಟ್ರಾಮ್ ದೂರದಲ್ಲಿ ನಿಂತ ಎರಡು ಬೆತ್ತಲೆ ಪ್ರೋಟಾನ್. 14.4 ÷ 0.74 = 19.5 ಎಲೆಕ್ಟ್ರಾನ್ ವೋಲ್ಟ್, ಸಮಪಾಲಾಗಿ ತಲಾ 9.7. ಒಂದೊಂದೂ ಸೆಕೆಂಡಿಗೆ 43 ಕಿಲೋಮೀಟರ್ ವೇಗಕ್ಕೆ ಏರುತ್ತದೆ. ಕೂಲಂಬ್ ಸ್ಫೋಟ ಅನ್ನುವುದು ಇದನ್ನೇ. ಪ್ರಯೋಗದಲ್ಲಿ ಲೆಕ್ಕ ಹಿಂದುಮುಂದಾಗುತ್ತದೆ: ಚೂರುಗಳ ಶಕ್ತಿ ಅಳೆದು, ಒಡೆಯುವ ಕ್ಷಣದಲ್ಲಿ ಅವು ಎಷ್ಟು ದೂರದಲ್ಲಿದ್ದವು ಅಂತ ಕಂಡುಹಿಡಿಯುತ್ತಾರೆ.

ನಿಜಕ್ಕೂ ಕಾಗದದ ಮೇಲೆ ಮಾತ್ರ ಇರುವುದು ಪಠ್ಯದ ಮಣಿಗಳ ಲೆಕ್ಕ. "1 ಗ್ರಾಂ ತೂಕದ ಎರಡು ಸಣ್ಣ ಗುಂಡು, ತಲಾ 1 ಮೈಕ್ರೋಕೂಲಂಬ್, ನಡುವೆ 10 ಸೆಂಟಿಮೀಟರ್." ಬಲ 0.9 ನ್ಯೂಟನ್, ವೇಗೋತ್ಕರ್ಷ 900 ಮೀ/ಸೆ². ಅಂಕಗಣಿತ ಸರಿ. ಆದರೆ 5 ಮಿಲಿಮೀಟರ್ ತ್ರಿಜ್ಯದ ಗುಂಡಿನ ಮೇಲೆ 1 ಮೈಕ್ರೋಕೂಲಂಬ್ ಇಟ್ಟರೆ ಮೇಲ್ಮೈಯಲ್ಲಿ ಕ್ಷೇತ್ರ 3.6 × 10⁸ ವೋಲ್ಟ್/ಮೀಟರ್ ಆಗಬೇಕು. ಒಣ ಗಾಳಿ ಸುಮಾರು 3 × 10⁶ಕ್ಕೇ ಸೋತು ಕಿಡಿ ಬಿಡುತ್ತದೆ. ಆ ಗುಂಡು ಹೊರಬಲ್ಲದ್ದು ಹೆಚ್ಚೆಂದರೆ 8 ನ್ಯಾನೋಕೂಲಂಬ್. ಅಷ್ಟಕ್ಕೆ ಬಲ 6 × 10⁻⁵ ನ್ಯೂಟನ್, ವೇಗೋತ್ಕರ್ಷ 0.06 ಮೀ/ಸೆ². ಪ್ರಯೋಗಾಲಯದಲ್ಲಿ ಬೆಂಡಿನ ಗುಂಡು ಇಷ್ಟೇ ಇಷ್ಟು ಸರಿಯುವುದು ಇದಕ್ಕೇ. ಮಳೆಗಾಲದ ತೇವಕ್ಕೆ ದಾರದ ಮೂಲಕ ಚಾರ್ಜ್ ಸೋರಿ ಹೋದರೆ ಅದೂ ಇಲ್ಲ. ಪ್ರಶ್ನೆ ತಯಾರಿಸುವವರು ಮೈಕ್ರೋ ಬಿಟ್ಟು ನ್ಯಾನೋ ಬರೆದರೆ ಚೆನ್ನ.

---

ಮಲೆಗಾಳಿ:

ಕೊನೆಯದು. ರುದರ್‌ಫರ್ಡ್ ಪ್ರಯೋಗದ (ಚಿನ್ನದ ಹಾಳೆಗೆ ಆಲ್ಫಾ ಕಣ ಹೊಡೆಯುವುದು) ಕನಿಷ್ಠ ದೂರದ, ಅಂದರೆ ಆಲ್ಫಾ ನ್ಯೂಕ್ಲಿಯಸ್ಸಿಗೆ ಎಷ್ಟು ಹತ್ತಿರ ಬರುತ್ತದೆ ಅನ್ನುವ ಲೆಕ್ಕಕ್ಕೂ ಇದೇ ವಿಧಾನ ತಾನೆ? 7.7 ಮೆಗಾ ಎಲೆಕ್ಟ್ರಾನ್ ವೋಲ್ಟ್ ಆಲ್ಫಾ, ಚಿನ್ನದ ನ್ಯೂಕ್ಲಿಯಸ್. ಅಲ್ಲಿ ವೇಗ ಸೊನ್ನೆ ಆಗುವುದರಿಂದ ವೇಗೋತ್ಕರ್ಷವೂ ಸೊನ್ನೆ ಅಂತ ಬರೆಯಬಹುದಾ?

---

ಉತ್ತರ: ಸುಳಿಗಾಳಿ

ವಿಧಾನ ಅದೇ, ಆದರೆ ವೇಗೋತ್ಕರ್ಷ ಸೊನ್ನೆ ಅಂತ ಬರೆದರೆ ಅಂಕ ಹೋಗುತ್ತದೆ. ವೇಗ ಸೊನ್ನೆಯಾಗುವ ಆ ಬಿಂದುವಿನಲ್ಲೇ ಬಲ ಅತಿ ಹೆಚ್ಚು.

ಮೂಲ ಚಾರ್ಜಿನ ಲೆಕ್ಕದಲ್ಲಿ ಆಲ್ಫಾದ್ದು 2, ಚಿನ್ನದ ನ್ಯೂಕ್ಲಿಯಸ್ಸಿನದು 79: 2 × 79 × 1.44 ÷ 7.7 = 29.5 ಫೆಮ್ಟೋಮೀಟರ್. ಪಠ್ಯದಲ್ಲಿ 3.0 × 10⁻¹⁴ ಮೀ ಅಂತ ಇರುವುದು ಇದೇ. ಬಲಕ್ಕೆ ಮೇಷ್ಟ್ರು ಹೇಳಿದ ಉಪಾಯ ತಿರುಗಿಸಿ ಬಳಸಿ, ಶಕ್ತಿ ÷ ದೂರ: 1.234 × 10⁻¹² ಜೂಲ್ ÷ 2.95 × 10⁻¹⁴ ಮೀ = ಸುಮಾರು 42 ನ್ಯೂಟನ್. ಒಂದೇ ಒಂದು ಆಲ್ಫಾ ಕಣದ ಮೇಲೆ ನಾಲ್ಕು ಕೆಜಿ ಭಾರದಷ್ಟು ಬಲ! ವೇಗೋತ್ಕರ್ಷ 6.3 × 10²⁷ ಮೀ/ಸೆ². ಇದು ಕಣ ನಿಂತು ಹಿಂದಿರುಗುವ ಕ್ಷಣದ್ದು, ಆಚೀಚೆ ಬೇಗ ಇಳಿಯುತ್ತದೆ. 60 ಫೆಮ್ಟೋಮೀಟರ್ ದೂರದಲ್ಲಿ ಹತ್ತು ನ್ಯೂಟನ್ ಚಿಲ್ಲರೆ.

ಇದರಲ್ಲಿ ಚಿನ್ನದ ನ್ಯೂಕ್ಲಿಯಸ್ ಕದಲುವುದಿಲ್ಲ ಅಂತ ಹಿಡಿದಿದ್ದೇವೆ. ಕದಲಲು ಬಿಟ್ಟರೆ ಎದುರಿಗೆ ಸಿಗುವ ಶಕ್ತಿ 7.7 × 197 ÷ 201 = 7.55 ಮೆಗಾ ಎಲೆಕ್ಟ್ರಾನ್ ವೋಲ್ಟ್, ಕನಿಷ್ಠ ದೂರ 30.1 ಫೆಮ್ಟೋಮೀಟರ್. ವ್ಯತ್ಯಾಸ ಶೇಕಡಾ 2, ಪರೀಕ್ಷೆಯಲ್ಲಿ ಬಿಡಬಹುದು. ಚಿನ್ನದ ಬದಲು ಅಲ್ಯೂಮಿನಿಯಂ ಹಾಳೆ ಕೊಟ್ಟರೆ ಬಿಡುವಂತಿಲ್ಲ, ಅಲ್ಲಿ 7.7 × 27 ÷ 31, ಅಂದರೆ 6.7 ಮಾತ್ರ ಉಳಿಯುತ್ತದೆ.